ಕಷಾಯ ಕೈಕೊಟ್ಟಾಗ ತಪ್ಪು ಎಲ್ಲಾಗಿದೆ ಅಂತ ಹುಡುಕುವುದು ಹೇಗೆ

ಕಷಾಯ ಸಪ್ಪೆ ಆಯ್ತು ಅಂದ ತಕ್ಷಣ ನಮ್ಮಲ್ಲಿ ಬಹಳ ಜನ ಮಾಡುವುದು ಎರಡೇ ಕೆಲಸ. ಇನ್ನೊಂದು ಹಿಡಿ ಪುಡಿ ಸುರಿಯುತ್ತಾರೆ, ಇಲ್ಲಾಂದ್ರೆ ಇನ್ನೂ ಅರ್ಧ ಗಂಟೆ ಕುದಿಸುತ್ತಾರೆ. ಅದಕ್ಕೆ ಮುಂಚೆ ಒಂದು ನಿಮಿಷ ನಿಲ್ಲಿ. ಗಿಡದಲ್ಲಿದ್ದ ಸಾರ ಲೋಟಕ್ಕೆ ಬಂದಿಲ್ಲ ಅಂದ್ರೆ ಅದು ಎಲ್ಲೋ ಹೋಗಿರಲೇಬೇಕು ಅಲ್ವಾ? ಚರಟದಲ್ಲೇ ಉಳಿದಿರಬಹುದು, ಹಬೆ ಜೊತೆ ಹಾರಿಹೋಗಿರಬಹುದು, ಪಾತ್ರೆಯ ಕಬ್ಬಿಣದ ಜೊತೆಗೋ ನೀರಿನ ಸುಣ್ಣದ ಜೊತೆಗೋ ಸೇರಿಕೊಂಡು ಬೇರೆ ಏನೋ ಆಗಿರಬಹುದು, ನೀರಿನಲ್ಲಿ ಕರಗುವಂಥದ್ದೇ ಅಲ್ಲದಿರಬಹುದು, ಅಥವಾ ಅಂಗಡಿಯಿಂದ ತಂದಾಗಲೇ ಇಲ್ಲದಿರಬಹುದು. ಎಲ್ಲಿಗೆ ಹೋಯ್ತು ಅಂತ ಗೊತ್ತಾದರೆ ಸರಿಮಾಡುವುದು ಸುಲಭ. ಗೊತ್ತಾಗದೆ ಸುಮ್ನೆ ಕುದಿಸುತ್ತಾ ಹೋದರೆ ಇದ್ದದ್ದೂ ಹೋಗುತ್ತದೆ.

ಇಲ್ಲಿ ಬರೆದಿರುವುದು ಮಾಡುವ ವಿಧಾನದ ಬಗ್ಗೆ ಮಾತ್ರ. ಯಾವ ಕಾಯಿಲೆಗೆ ಯಾವ ಕಷಾಯ ಅನ್ನುವುದನ್ನು ವೈದ್ಯರ ಹತ್ತಿರ ಕೇಳಿ.

ಮೊದಲ ಪರೀಕ್ಷೆ: ಚರಟ ಅಗಿದು ನೋಡಿ

ಕಷಾಯ ಸೋಸಿದ ಮೇಲೆ ಚರಟವನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬೇಡಿ. ಮೂರು ರುಚಿ ನೋಡಿ. ಕುದಿಸದೆ ಉಳಿದಿರುವ ಒಣ ಕಡ್ಡಿಯ ಒಂದು ಚೂರು, ಸೋಸಿದ ಕಷಾಯ ಒಂದು ಚಮಚ, ಆಮೇಲೆ ಚರಟದ ಒಂದು ಚೂರು. ಮೂರರ ನಡುವೆ ಬಾಯಿ ಮುಕ್ಕಳಿಸಿ. ಏನು ಅಂತ ಖಚಿತವಾಗಿ ಗೊತ್ತಿರುವ, ತಿನ್ನುವ ಗಿಡಕ್ಕೆ ಮಾತ್ರ ಈ ಪರೀಕ್ಷೆ.

ನೆಲಬೇವು ಇಟ್ಟುಕೊಂಡು ಹೇಳುತ್ತೇನೆ. ಒಣ ಕಡ್ಡಿ ಕಹಿ, ಕಷಾಯ ಸಪ್ಪೆ, ಚರಟ ಇನ್ನೂ ಕಹಿ ಇದ್ದರೆ ಸಾರ ಒಳಗೇ ಕೂತಿದೆ, ಹೊರಗೆ ಬಂದಿಲ್ಲ ಅಂತ ಅರ್ಥ. ಕುಟ್ಟುವುದರಲ್ಲಿ, ನೆನೆಸುವುದರಲ್ಲಿ ಅಥವಾ ಉರಿಯಲ್ಲಿ ತಪ್ಪಾಗಿದೆ. ಒಣ ಕಡ್ಡಿಯೇ ಸಪ್ಪೆ ಇದ್ದರೆ ಸರಕು ಹಳೆಯದು ಅಥವಾ ಬೇರೆ ಯಾವುದೋ ಗಿಡ, ಎಷ್ಟು ಕುದಿಸಿದರೂ ಪ್ರಯೋಜನ ಇಲ್ಲ. ಒಣದು ಕಹಿ, ಚರಟ ಸಪ್ಪೆ, ಕಷಾಯ ಕೂಡ ಅಷ್ಟಕ್ಕಷ್ಟೇ ಅಂದ್ರೆ ಸಾರ ಹೊರಗೆ ಬಂದಿದೆ ಆದರೆ ನೀರು ಜಾಸ್ತಿ ಆಗಿದೆ, ಇನ್ನೂ ಬತ್ತಿಸಬೇಕು. ಇದೊಂದನ್ನು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ, ಖರ್ಚೂ ಇಲ್ಲ.

ಸಾರ ಚರಟದಲ್ಲೇ ಉಳಿದಿದ್ದರೆ

ಮೊದಲು ತರಿ ನೋಡಿ. ಅಮೃತಬಳ್ಳಿಯನ್ನು ಬೆರಳುದ್ದ ಕತ್ತರಿಸಿ ಹಾಗೇ ನೀರಿಗೆ ಹಾಕುವವರು ತುಂಬ ಜನ. ನೀರು ಎರಡು ತುದಿಯಿಂದ ಸ್ವಲ್ಪ ಒಳಗೆ ಹೋಗುತ್ತದೆ, ನಡುವೆ ಹಾಗೇ ಉಳಿಯುತ್ತದೆ. ಕುದಿಸಿದ ತುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ನಿಮಗೇ ಕಾಣುತ್ತದೆ, ತುದಿಯಲ್ಲಿ ಬಣ್ಣ ಬಿಟ್ಟು ನಾರು ಮೆತ್ತಗಾಗಿರುತ್ತದೆ, ನಡುವೆ ಗಟ್ಟಿಯಾಗಿ ಕಹಿಯಾಗಿ ಇರುತ್ತದೆ. ಕುಟ್ಟಾಣಿಯಲ್ಲಿ ಹಾಕಿ ನಾರು ಬಿಡಿಸುವ ಹಾಗೆ ಜಜ್ಜಬೇಕು. ಒಣ ಬೇರು, ತೊಗಟೆಯಾದರೆ ದಪ್ಪ ರವೆಯಷ್ಟು ತರಿ ಸಾಕು. ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ಬೇಗ ಬಿಡುತ್ತದೆ ಅನ್ನಿಸುತ್ತದೆ, ನಿಜವೂ ಹೌದು, ಆದರೆ ಆ ಪುಡಿ ತಳಕ್ಕೆ ಕೂತು ಸೀಯುತ್ತದೆ, ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ, ಕುಡಿಯುವಾಗ ಗಂಟಲಲ್ಲಿ ಹಿಟ್ಟು ಸಿಗುತ್ತದೆ. ಒಂದು ಸಲ ತಳ ಸೀದು ಕಮಟು ವಾಸನೆ ಬಂದರೆ ಅದನ್ನು ಉಳಿಸುವ ಉಪಾಯ ಇಲ್ಲ, ಚೆಲ್ಲಿ.

ಆಮೇಲೆ ನೆನೆಸುವುದು. ಒಣಗಿದ ತೊಗಟೆಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕುವುದಕ್ಕಿಂತ ತಣ್ಣೀರಲ್ಲಿ ಒಂದೆರಡು ಗಂಟೆ ನೆನೆಸಿ, ಅದೇ ನೀರಲ್ಲಿ ಒಲೆ ಹಚ್ಚಿ. ಗಟ್ಟಿ ಬೇರಾದರೆ ರಾತ್ರಿಯೇ ನೆನೆಹಾಕಿ. ಒಣ ನಾರು ಊದಿ ಬಾಯಿ ಬಿಟ್ಟ ಮೇಲೆಯೇ ನೀರು ಒಳಗೆ ಹೋಗಿ ಸಾರ ತೆಗೆದುಕೊಂಡು ಬರುವುದು.

ಮೂರನೆಯದು ಉರಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಇಲ್ಲೇ ಹೆಚ್ಚು ಕಷಾಯ ಕೆಡುವುದು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಒಲೆಯ ಉರಿ ದೊಡ್ಡದು ಮಾಡಿದರೆ ಆ ಬಿಸಿ 98 ಆಗುವುದಿಲ್ಲ. ನೀರು ಬೇಗ ಆವಿಯಾಗುತ್ತದೆ ಅಷ್ಟೇ. ಅಂದ್ರೆ ಹತ್ತೇ ನಿಮಿಷದಲ್ಲಿ ನೀರು ಎಂಟನೇ ಒಂದು ಭಾಗಕ್ಕೆ ಇಳಿದಿರುತ್ತದೆ, ನೋಡುವುದಕ್ಕೆ ಗಟ್ಟಿ ಕಷಾಯದ ಹಾಗೇ ಕಾಣುತ್ತದೆ, ಆದರೆ ಬೇರಿನೊಳಗಿನ ಸಾರಕ್ಕೆ ಹೊರಗೆ ಬರುವಷ್ಟು ಹೊತ್ತೇ ಸಿಕ್ಕಿರುವುದಿಲ್ಲ. ಒಂದು ಕುದಿ ಬಂದ ಮೇಲೆ ಉರಿ ಸಣ್ಣದು ಮಾಡಿ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು.

ಕುಕ್ಕರ್‌ನಲ್ಲಿ ಮಾಡಬಹುದಾ ಅಂತ ಕೇಳುತ್ತಾರೆ. ಒಳಗೆ ಬಿಸಿ ಜಾಸ್ತಿಯಾಗುವುದು ನಿಜ. ಆದರೆ ನೀರು ಬತ್ತುವುದಿಲ್ಲ, ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ, ವಾಸನೆ ನೋಡಿ ಇಳಿಸುವ ಅವಕಾಶವೂ ಇಲ್ಲ. ನನ್ನ ಮಟ್ಟಿಗೆ ಕಷಾಯಕ್ಕೆ ಕುಕ್ಕರ್ ಬೇಡ.

ಅಳತೆ ತಪ್ಪಿದರೆ

ಆಯುರ್ವೇದದ ಹಳೆಯ ಲೆಕ್ಕ ಹೀಗಿದೆ: ಒಂದು ಪಾಲು ಸರಕಿಗೆ 16 ಪಾಲು ನೀರು, ಅದು ಎಂಟನೇ ಒಂದು ಭಾಗಕ್ಕೆ ಇಳಿಯಬೇಕು. ಇನ್ನೊಂದು ಲೆಕ್ಕವೂ ಇದೆ. ಮೆತ್ತಗಿನ ಸರಕಿಗೆ 4 ಪಾಲು, ಮಧ್ಯಮಕ್ಕೆ 8, ಗಟ್ಟಿಯದಕ್ಕೆ 16 ಪಾಲು ನೀರು ಹಾಕಿ ಕಾಲು ಭಾಗಕ್ಕೆ ಇಳಿಸುವುದು. ವೈದ್ಯರು ಯಾವುದು ಹೇಳಿದ್ದಾರೋ ಅದೇ ಹಿಡಿಯಿರಿ, ಎರಡನ್ನೂ ಕಲಸಬೇಡಿ. 25 ಗ್ರಾಂ ಪುಡಿಗೆ 400 ಮಿಲಿ ನೀರು ಅಂದ್ರೆ ಒಂದು ಲೆಕ್ಕದಲ್ಲಿ 50 ಮಿಲಿ ಉಳಿಯಬೇಕು, ಇನ್ನೊಂದರಲ್ಲಿ 100 ಮಿಲಿ. ಒಂದಕ್ಕೊಂದು ಎರಡರಷ್ಟು ವ್ಯತ್ಯಾಸ.

ಕಣ್ಣಳತೆಯಲ್ಲಿ ಇದು ಆಗುವ ಕೆಲಸ ಅಲ್ಲ. ತೊಳೆದ ತೆಂಗಿನ ಕಡ್ಡಿ ಒಂದು ಇಟ್ಟುಕೊಳ್ಳಿ. ನೆಟ್ಟಗಿರುವ ಸ್ಟೀಲ್ ಪಾತ್ರೆಗೆ ಪುಡಿ ಹಾಕಿ, ಕೊನೆಗೆ ಎಷ್ಟು ಉಳಿಯಬೇಕೋ ಅಷ್ಟೇ ನೀರು ಮೊದಲು ಹಾಕಿ. ಪುಡಿ ಚೆನ್ನಾಗಿ ನೆನೆದ ಮೇಲೆ ಕಡ್ಡಿಯನ್ನು ತಳ ಮುಟ್ಟುವ ಹಾಗೆ ನೆಟ್ಟಗೆ ಇಳಿಸಿ, ನೀರು ನಿಂತ ಜಾಗದಲ್ಲಿ ಉಗುರಿನಿಂದ ಒಂದು ಗೀರು ಎಳೆಯಿರಿ. ಆಮೇಲೆ ಮಿಕ್ಕ ನೀರು ಸುರಿದು ಒಲೆ ಹಚ್ಚಿ. ನಡುನಡುವೆ ಕಡ್ಡಿ ಇಳಿಸಿ ನೋಡಿದರೆ ಆಯ್ತು, ಗೀರಿಗೆ ಬಂತು ಅಂದ್ರೆ ಇಳಿಸುವ ಹೊತ್ತು. ಸೋಸಿದಾಗ ಇನ್ನೂ ಕಮ್ಮಿ ಬರುತ್ತದೆ, ಗಾಬರಿ ಬೇಡ, ಚರಟ ತನ್ನ ತೂಕಕ್ಕಿಂತ ಜಾಸ್ತಿ ನೀರು ಹೀರಿಕೊಂಡಿರುತ್ತದೆ. ಬಿಸಿ ಆರುವ ಮುಂಚೆ ಬಟ್ಟೆಯಲ್ಲಿ ಹಾಕಿ ಗಟ್ಟಿಯಾಗಿ ಹಿಂಡಿ. ಎಷ್ಟೋ ಮನೆಗಳಲ್ಲಿ ಟೀ ಸೋಸುವ ಜಾಲರಿಯಲ್ಲಿ ಸೋಸಿ, ಒಳ್ಳೆ ಗಟ್ಟಿ ಭಾಗವನ್ನು ಚರಟದ ಜೊತೆಗೇ ಎಸೆಯುತ್ತಾರೆ.

ರುಚಿ ಇದೆ, ಘಮ ಇಲ್ಲ

ಇದು ಹಬೆಯಲ್ಲಿ ಹೋಗಿರುವ ಕೇಸು. ತುಳಸಿ, ದೊಡ್ಡಪತ್ರೆ, ಲಾವಂಚ, ಜೀರಿಗೆ, ಏಲಕ್ಕಿ ಇವುಗಳ ಘಮ ಇರುವುದು ಆವಿಯಾಗುವ ಎಣ್ಣೆಯಲ್ಲಿ. ನೀರು ಕುದಿಯುವಾಗ ಈ ಎಣ್ಣೆ ಹಬೆ ಜೊತೆ ಮೇಲೆ ಏಳುತ್ತದೆ. ಪರೀಕ್ಷೆ ಬಹಳ ಸುಲಭ. ಕುದಿಯುತ್ತಿರುವಾಗ ತಣ್ಣಗಿರುವ ಸ್ಟೀಲ್ ತಟ್ಟೆಯನ್ನು ಪಾತ್ರೆಯ ಮೇಲೆ ಸ್ವಲ್ಪ ಹೊತ್ತು ಹಿಡಿಯಿರಿ, ಬೆವರಿದ ಮೇಲೆ ಆ ಹನಿ ಮೂಸಿ ನೋಡಿ. ತಟ್ಟೆ ಘಮ್ಮನ್ನುತ್ತಿದ್ದರೆ ನಿಮ್ಮ ಕಷಾಯದ ಒಳ್ಳೆ ಪಾಲು ಅಡುಗೆಮನೆ ಕಿಟಕಿಯಿಂದ ಆಚೆ ಹೋಗುತ್ತಿದೆ.

ನಮ್ಮ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಶುರುವಾಗಿದ್ದು ಇದೇ ಗುಣ ನಂಬಿಕೊಂಡು. ಗಂಧದ ಚೆಕ್ಕೆಯ ಪುಡಿಯೊಳಗೆ ಹಬೆ ಹಾಯಿಸಿ, ಎಣ್ಣೆ ಹೊತ್ತು ಬಂದ ಹಬೆಯನ್ನು ತಣಿಸಿ ನೀರು ಎಣ್ಣೆ ಬೇರೆ ಮಾಡುತ್ತಾರೆ. ಅಲ್ಲಿ ಹಿಡಿದು ಬಾಟಲಿಗೆ ತುಂಬುವುದನ್ನು ನಾವು ಒಲೆ ಮುಂದೆ ನಿಂತು ಬಿಟ್ಟುಕೊಡುತ್ತೇವೆ.

ಸರಿಮಾಡುವುದು ಹೀಗೆ. ಘಮದ ಸೊಪ್ಪನ್ನು ಗಟ್ಟಿ ಬೇರಿನ ಜೊತೆ ಮೊದಲೇ ಹಾಕಬೇಡಿ. ಬೇರು, ಕಾಂಡ, ತೊಗಟೆ ಮೊದಲು ಕುದಿಯಲಿ, ಆಗ ಮುಚ್ಚಳ ತೆಗೆದೇ ಇರಲಿ, ನೀರು ಬತ್ತಬೇಕಲ್ಲ. ಗೀರಿಗೆ ಬಂದ ಮೇಲೆ ಒಲೆ ಆರಿಸಿ, ಆಗ ತುಳಸಿ, ದೊಡ್ಡಪತ್ರೆ ಕೈಯಲ್ಲಿ ಹರಿದು ಹಾಕಿ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ಮುಚ್ಚಳ ತೆಗೆಯುವಾಗ ಒಳಗಡೆ ಕಟ್ಟಿರುವ ಹನಿಯನ್ನು ಪಾತ್ರೆಗೇ ಬೀಳಿಸಿ. ಬರೀ ಸೊಪ್ಪು, ಹೂವಿನದ್ದಾದರೆ ಕುದಿಸುವುದೇ ಬೇಡ, ಬಿಸಿನೀರು ಸುರಿದು ಮುಚ್ಚಿಟ್ಟರೆ ಆಯ್ತು, ಆಯುರ್ವೇದದಲ್ಲಿ ಇದಕ್ಕೆ ಫಾಂಟ ಅಂತಾರೆ. ಲಾವಂಚದ ಬೇರನ್ನು ಮಡಕೆಯ ತಣ್ಣೀರಲ್ಲಿ ರಾತ್ರಿ ಹಾಕಿಡುವ ರೂಢಿ ಇದೆಯಲ್ಲ, ಅದರಷ್ಟು ಘಮ ಕುದಿಸಿದಾಗ ಬರುವುದಿಲ್ಲ.

ಕಷಾಯ ಕಪ್ಪಾಯ್ತು

ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ, ದಾಳಿಂಬೆ ಸಿಪ್ಪೆ ಇವೆಲ್ಲ ಒಗರು ಜಾಸ್ತಿ ಇರುವ ಸರಕು. ಒಗರಿಗೆ ಕಾರಣ ಟ್ಯಾನಿನ್. ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಬಣ್ಣ ಬರುತ್ತದೆ, ಹಿಂದೆ ಅಳಲೆಕಾಯಿಯಿಂದ ಮಸಿ ಮಾಡುತ್ತಿದ್ದದ್ದೂ ಹೀಗೇ. ಮಂಡ್ಯ ಕಡೆಯ ಪರಿಚಯದವರೊಬ್ಬರು ತ್ರಿಫಲೆ ಕಷಾಯ ಮಸಿ ಆಗ್ತಿದೆ ಅಣ್ಣ, ಅಂಗಡಿಯವನು ಬಣ್ಣ ಬೆರೆಸಿದ್ದಾನೆ ಅಂತ ಸಿಟ್ಟಲ್ಲಿದ್ದರು. ಯಾವ ಪಾತ್ರೆ ಅಂತ ಕೇಳಿದರೆ ಒಗ್ಗರಣೆ ಹಾಕುವ ಕಬ್ಬಿಣದ ಬಾಣಲೆ. ಅದೇ ಪೊಟ್ಟಣದ ಪುಡಿಯನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿದಾಗ ಕಂದು ಬಣ್ಣವೇ ಬಂತು.

ಅನುಮಾನ ಇದ್ದರೆ ಸ್ಟೀಲ್ ಪಾತ್ರೆಯಲ್ಲಿ ಮಾಡಿದ ಕಷಾಯವನ್ನು ಎರಡು ಗಾಜಿನ ಲೋಟಕ್ಕೆ ನಾಲ್ಕು ನಾಲ್ಕು ಚಮಚ ಹಾಕಿ, ಒಂದಕ್ಕೆ ಉಜ್ಜಿ ತೊಳೆದ ಕಬ್ಬಿಣದ ಮೊಳೆ ಬಿಡಿ. ಸ್ವಲ್ಪ ಹೊತ್ತಿಗೆ ಮೊಳೆಯ ಸುತ್ತ ಕಪ್ಪು ಎಳೆ ಎಳೆಯಾಗಿ ಹರಡುವುದು ಕಾಣುತ್ತದೆ. ಇನ್ನೊಂದು ಲೋಟ ಮೊದಲಿನ ಹಾಗೇ ಇರುತ್ತದೆ. ಮೊಳೆ ಹಾಕಿದ್ದನ್ನು ಚೆಲ್ಲಿ. ತುಕ್ಕು ಹಿಡಿದ ಸೌಟು, ಚಾಕು ಕೂಡ ಇದೇ ಕೆಲಸ ಮಾಡುತ್ತವೆ, ಹಾಗಾಗಿ ಪಾತ್ರೆ ಒಂದನ್ನೇ ನೋಡಬೇಡಿ. ನೆಲ್ಲಿಕಾಯಿಯಂಥ ಹುಳಿ ಸರಕಿಗೆ ಅಲ್ಯೂಮಿನಿಯಂ ಬೇಡ, ಕಲಾಯಿ ಹೋಗಿರುವ ಹಿತ್ತಾಳೆ ತಾಮ್ರವಂತೂ ಬೇಡವೇ ಬೇಡ. ಸ್ಟೀಲ್, ಗಾಜು, ಮಣ್ಣಿನ ಪಾತ್ರೆ ಇವು ಮೂರು ಸಾಕು.

ಮೇಲೆ ಪೊರೆ, ಕೆಳಗೆ ಗಸಿ, ಬಣ್ಣ ಮಂಕು

ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣ ಇವೆ, ಬೇರೆ ಬೇರೆಯಾಗಿ ನೋಡಬೇಕು.

ಮೊದಲು ನೀರು. ಊರ ನಲ್ಲಿಯಲ್ಲಿ ಕಾವೇರಿ, ಕಬಿನಿ ನೀರು ಬಂದಾಗ ಸರಿ ಬರುವ ಕಷಾಯ, ಬೋರ್ ನೀರು ಹಾಕಿದ ದಿನ ಮಂಕಾಗುತ್ತದೆ. ಗಡುಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಒಗರಿನ ಅಂಶ ಕ್ಯಾಲ್ಸಿಯಂ ಜೊತೆ ಸೇರಿ ತೆಳ್ಳಗಿನ ಪೊರೆಯಾಗಿ ಮೇಲೆ ನಿಲ್ಲುತ್ತದೆ, ಹಾಲು ಹಾಕದ ಟೀ ಮೇಲೆ ಬರುವ ಪೊರೆಯೂ ಇದೇ. ನಿಮ್ಮ ನೀರು ಗಡುಸಾ ಅಂತ ತಿಳಿಯಲು ಲ್ಯಾಬ್ ಬೇಡ. ಆ ನೀರಲ್ಲಿ ತೊಗರಿಬೇಳೆ ಸರಿಯಾಗಿ ಬೇಯುತ್ತದಾ? ಸೋಪು ನೊರೆ ಬರುತ್ತದಾ? ಬರೀ ನೀರು ಕಾಯಿಸಿದ ಪಾತ್ರೆಯ ಗೋಡೆಗೆ ಬಿಳಿ ಪುಡಿ ಕಟ್ಟುತ್ತದಾ? ಇವು ಸಾಕು. ದಾಸವಾಳ ಹೂವಿನ ಕಷಾಯ ಮಾಡುವವರಿಗೆ ಇನ್ನೂ ಬೇಗ ತಿಳಿಯುತ್ತದೆ. ಗಡುಸು ನೀರು ಕುದಿದಾಗ ಕ್ಷಾರದ ಕಡೆಗೆ ವಾಲುತ್ತದೆ, ಕೆಂಪು ಬರಬೇಕಾದ ಕಷಾಯ ನೇರಳೆಯೋ ನೀಲಿಯೋ ಆಗುತ್ತದೆ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಮತ್ತೆ ಕೆಂಪು ತಿರುಗುತ್ತದೆ. ಪರಿಹಾರ ಅಂದ್ರೆ ಫಿಲ್ಟರ್ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸುವುದು. ಅದೂ ಇಲ್ಲದಿದ್ದರೆ ಬೋರ್ ನೀರನ್ನು ಒಂದು ಸಲ ಚೆನ್ನಾಗಿ ಕುದಿಸಿ, ತಣ್ಣಗಾದ ಮೇಲೆ ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ, ಸುಣ್ಣದ ಅಂಶ ಸ್ವಲ್ಪ ಕಮ್ಮಿಯಾಗುತ್ತದೆ.

ಎರಡನೆಯದು ಪಿಷ್ಟ. ಹಸಿ ಅಮೃತಬಳ್ಳಿಯಲ್ಲಿ ಪಿಷ್ಟ ತುಂಬ ಇದೆ. ತಣ್ಣೀರಲ್ಲಿ ಜಜ್ಜಿ ಹಾಕಿಟ್ಟರೆ ಬೆಳಿಗ್ಗೆ ತಳದಲ್ಲಿ ಬಿಳಿಯಾಗಿ ಕೂತಿರುತ್ತದೆ, ಅಮೃತಬಳ್ಳಿ ಸತ್ವ ಅಂತ ಒಣಗಿಸಿ ಮಾರುವುದು ಅದನ್ನೇ. ಕುದಿಸಿದರೆ ಅದೇ ಪಿಷ್ಟ ಬೆಂದು ಕಷಾಯವನ್ನು ಲೋಳೆ ಮಾಡುತ್ತದೆ. ಜನ ಇದನ್ನು ಕೆಟ್ಟಿದೆ ಅಂದುಕೊಂಡು ಚೆಲ್ಲುತ್ತಾರೆ. ಆರಿದ ಕಷಾಯ ಒಂದು ಚಮಚ ಬೇರೆ ತೆಗೆದು, ನೀರು ಸೇರಿಸಿ ತೆಳ್ಳಗೆ ಮಾಡಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿ ಆದರೆ ಪಿಷ್ಟ. ಪರೀಕ್ಷೆ ಮಾಡಿದ ಚಮಚದ್ದನ್ನು ಕುಡಿಯಬೇಡಿ, ಮಿಕ್ಕದ್ದು ಧಾರಾಳವಾಗಿ ಬಳಸಬಹುದು. ಮೆಂತ್ಯ ಸೇರಿಸಿದ್ದರೆ ಲೋಳೆ ಬರುವುದು ಮಾಮೂಲು.

ಮೂರನೆಯದು ನೊರೆ. ಅತಿಮಧುರ, ಶತಾವರಿ ಹಾಕಿದ ಕಷಾಯ ಉಕ್ಕಿ ಒಲೆಯೆಲ್ಲ ಅಂಟಾಗುತ್ತದೆ. ಅವುಗಳಲ್ಲಿರುವ ಸಪೋನಿನ್ ಸೋಪಿನ ಹಾಗೆ ನೊರೆ ಕೊಡುತ್ತದೆ, ಅದು ದೋಷ ಅಲ್ಲ. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಉರಿ ತಗ್ಗಿಸಿ, ಅಷ್ಟೇ.

ಹಾಲು ಒಡೆಯಿತು

ಮೈಸೂರು ಕಡೆ ಕೊತ್ತಂಬರಿ ಬೀಜ, ಜೀರಿಗೆ, ಮೆಣಸಿನ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕುಡಿಯುವುದು ಮನೆಮನೆಯಲ್ಲೂ ಇದೆ. ಹಾಲು ಒಡೆದರೆ ಹಾಲಿನವನನ್ನು ಬೈಯುವ ಮುಂಚೆ ಶುಂಠಿ ಯಾವಾಗ ಹಾಕಿದಿರಿ ನೋಡಿ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ, ಬೆಚ್ಚಗಿನ ಹಾಲಿಗೆ ತುರಿದು ಹಾಕಿದರೆ ಅದು ಹಾಲನ್ನು ಒಡೆಸುತ್ತದೆ. ಚೆನ್ನಾಗಿ ಕುದಿದರೆ ಆ ಕಿಣ್ವ ಸಾಯುತ್ತದೆ. ಅದಕ್ಕೇ ಶುಂಠಿಯನ್ನು ನೀರಲ್ಲಿ ಐದು ನಿಮಿಷ ಕುದಿಸಿ, ಆಮೇಲೆ ಹಾಲು. ಶುಂಠಿ ಸರಿ ಇದ್ದೂ ಒಡೆದರೆ ಬೆಲ್ಲ. ಮಂಡ್ಯದ ಬೆಲ್ಲ ಎಷ್ಟೇ ಚೆನ್ನಾಗಿರಲಿ, ಹಳೆಯದಾದ ಹಾಗೆ ಹುಳಿ ಏರುತ್ತದೆ, ಕುದಿಯುವ ಹಾಲಿಗೆ ಹಾಕಬೇಡಿ. ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಿ. ನೆಲ್ಲಿಕಾಯಿ ಹಾಕಿದ ಕಷಾಯಕ್ಕೆ ಹಾಲು ಹಾಕಲೇಬೇಡಿ.

ಎಷ್ಟು ಕುದಿಸಿದರೂ ನೀರಿಗೆ ಬಾರದ್ದು

ಅರಿಶಿನದ ಹಳದಿ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅರಿಶಿನದ ಕಷಾಯ ಹಳದಿ ಕಾಣುವುದು ಪುಡಿ ತೇಲುತ್ತಿರುವುದಕ್ಕೆ, ಒಂದು ಗಂಟೆ ಅಲುಗಾಡಿಸದೆ ಬಿಟ್ಟರೆ ತಳಕ್ಕೆ ಇಳಿಯುವುದನ್ನು ನೋಡಬಹುದು. ಮೆಣಸಿನ ಪೈಪರಿನ್ ಕೂಡ ನೀರಿಗೆ ಬಹಳ ಕಮ್ಮಿ ಬರುತ್ತದೆ. ಇಂಥದ್ದಕ್ಕೆ ಕೊಬ್ಬು ಬೇಕು, ಹಾಲೋ ತುಪ್ಪವೋ. ಅಜ್ಜಿಯರು ಅರಿಶಿನವನ್ನು ಹಾಲಿಗೆ ಹಾಕುವುದರಲ್ಲಿ ಅರ್ಥ ಇದೆ.

ಮಾರನೇ ದಿನ ಹುಳಿ ವಾಸನೆ

ಕಷಾಯ ಅವತ್ತಿಂದು ಅವತ್ತಿಗೇ. ಫ್ರಿಜ್‌ನಲ್ಲಿಟ್ಟರೂ 24 ಗಂಟೆಗಿಂತ ಜಾಸ್ತಿ ಬೇಡ. ಹುಳಿ ವಾಸನೆ, ಗುಳ್ಳೆ, ಮೇಲೆ ಬಿಳಿ ಕಲೆ, ಇದರಲ್ಲಿ ಯಾವುದು ಕಂಡರೂ ಮತ್ತೆ ಕುದಿಸಿ ಕುಡಿಯಬೇಡಿ, ಚೆಲ್ಲಿ. ಅರಿಷ್ಟ ವರ್ಷಗಟ್ಟಲೆ ಇರುತ್ತದಲ್ಲ ಅನ್ನಬೇಡಿ, ಅದನ್ನು ಬೆಲ್ಲ, ಧಾತಕಿ ಹೂವು ಹಾಕಿ ಹುಳಿಬರಿಸಿರುತ್ತಾರೆ, ಒಳಗೆ ಹುಟ್ಟುವ ಮದ್ಯಸಾರ ಅದನ್ನು ಕಾಯುತ್ತದೆ.

ಸರಕೇ ತಪ್ಪಿದ್ದರೆ

ಕುದಿಸುವುದರಿಂದ ಸರಿಹೋಗದ ದೋಷ ಇದು, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಿರಾತಕಡ್ಡಿ ಕೇಳಿದರೆ ನೆಲಬೇವು ಕೊಡುವುದು ಗ್ರಂಧಿಗೆ ಅಂಗಡಿಗಳಲ್ಲಿ ಇದ್ದದ್ದೇ, ಎರಡೂ ಕಹಿ, ಆದರೆ ಗಿಡ ಬೇರೆ. ಅದಾದರೂ ಪರವಾಗಿಲ್ಲ ಅನ್ನಬಹುದು. ಅಮೃತಬಳ್ಳಿಗೆ ಹತ್ತಿರದ ಇನ್ನೊಂದು ಬಳ್ಳಿ ಇದೆ, ಅದರ ಕಾಂಡದ ಮೇಲೆ ಒತ್ತಾಗಿ ಗಂಟು ಗಂಟು ಗುಳ್ಳೆ ಇರುತ್ತದೆ. ಅದನ್ನು ಸೇವಿಸಿ ಯಕೃತ್ತಿಗೆ ತೊಂದರೆಯಾದ ವರದಿಗಳಿವೆ. ಅಸಲಿ ಅಮೃತಬಳ್ಳಿಯೂ ಕೆಲವರಿಗೆ ಒಗ್ಗುವುದಿಲ್ಲ, ಮೈಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ, ಅದು ಮೂತ್ರಪಿಂಡ ಹಾಳುಮಾಡುತ್ತದೆ, ಕುದಿಸಿದರೆ ಹೋಗುವುದಿಲ್ಲ, ನೀರಿಗೇ ಬರುತ್ತದೆ. ಹಳ್ಳಿಯಲ್ಲಿ ಯಾರೋ ಕೊಟ್ಟರು ಅಂತ ಹಾಕಿಕೊಳ್ಳಬೇಡಿ. ಅತಿಮಧುರ ಸಿಹಿಯಾಗಿದೆ ಅಂತ ದಿನವೂ ಕುದಿಸಿ ಕುಡಿದರೆ ಬಿಪಿ ಏರುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ಕೇಳಿಕೊಳ್ಳಿ. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ನೀವೇ ನಿರ್ಧಾರ ಮಾಡಿ ಕೊಡಬೇಡಿ.

ದೇವರಾಜ ಮಾರುಕಟ್ಟೆ ಕಡೆ ಗ್ರಂಧಿಗೆ ಸರಕು ಕೊಳ್ಳುವಾಗ ಪುಡಿ ಕೇಳಬೇಡಿ, ಕಡ್ಡಿ, ಬೇರು, ಕಾಯಿ ಇಡಿಯಾಗಿ ಕೇಳಿ. ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಮುರಿದು ನೋಡಿ, ಮೂಸಿ ನೋಡಿ, ಹುಳು ಹಿಡಿದಿದೆಯಾ, ಬೂಷ್ಟು ಬಂದಿದೆಯಾ ನೋಡಿ. ಅನುಮಾನ ಬಂದರೆ ಮೈಸೂರಿನಲ್ಲಿ 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜು ಇದೆ, ಜೊತೆಗೆ ಆಸ್ಪತ್ರೆಯೂ ಇದೆ. ಅಲ್ಲಿ ತೋರಿಸುವಾಗ ಬಾಯಲ್ಲಿ ಹೆಸರು ಹೇಳಿದರೆ ಸಾಲದು, ಕುದಿಸದೆ ಉಳಿಸಿದ ಇಡೀ ತುಂಡನ್ನು ಪೊಟ್ಟಣದ ಸಮೇತ ತೆಗೆದುಕೊಂಡು ಹೋಗಿ.